ಗಾಜು ನುಂಗದ ಬೆಳಕು

೯ ಫೆಬ್ರವರಿ, ಭಾನುವಾರ

ಮುದ್ದಿನ ಗುಬ್ಬಿಗೆ,

ಅಮ್ಮನ ಪ್ರೀತಿ. ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿರುವೆ ಎಂದುಕೊಂಡಿದ್ದೇನೆ, ನಂಬಿಕೆಯೇನೂ ಇಲ್ಲ. "ಅಚ್ಚಿಗೆ ಹೋಗೋ ಮುಂಚೆ ಒಂದ್ಸಲ ಓದಮ್ಮ" ಎಂದು ನೀನು ನಿನ್ನ ಸಂಶೋಧನಾ ಪ್ರಬಂಧ ಕಳಿಸಿ ಎಷ್ಟೋ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಲ್ಯಾಬಿನಲ್ಲಿ ನಾನೇ ಮಾಡಿ ನೋಡಬೇಕಾಯಿತು.

ಚಿಪ್ ಮೇಲೆ ಕೂದಲಿಗಿಂತ ಸಣ್ಣದಾಗಿ ಕೊರೆದ ಗಾಜಿನ ದಾರಿಯಲ್ಲಿ ಬೆಳಕು ಬಿಟ್ಟರೆ ಆ ತುದಿಗೆ ಅರ್ಧವೂ ಮುಟ್ಟುವುದಿಲ್ಲ. ಉಳಿದದ್ದನ್ನು ಗಾಜೇ ನುಂಗುತ್ತದೆ, ಅದಕ್ಕೆ ಮದ್ದಿಲ್ಲ ಎಂದು ನಾನು ಬರೆದಾಗ ನೀನಿನ್ನೂ ನನ್ನ ಮೇಜಿನ ಕೆಳಗೆ ಕೂತು ಬಣ್ಣದ ಪೆನ್ಸಿಲ್ ಕಚ್ಚುತ್ತಿದ್ದೆ. ನನ್ನ ಮಾತು ನಂಬಿ ಎಷ್ಟೋ ಮಂದಿ ಆ ಗಾಜಿನ ಗೊಡವೆಯೇ ಬಿಟ್ಟರು. ಈ ಪ್ರಬಂಧದಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ: ನುಂಗಿದ್ದರೆ ಗಾಜು ಬಿಸಿಯಾಗಬೇಕಲ್ಲ? ಇಷ್ಟು ವರ್ಷದಲ್ಲಿ ಅದು ನನಗೆ ಹೊಳೆಯಲೇ ಇಲ್ಲ ನೋಡು!

ನನ್ನ ಹಳೆಯ ಚಿಪ್ ಒಂದನ್ನು ತೆಗೆದು ಬೆಳಕು ಹಾಯಿಸಿದೆ. ಬಿಸಿ ಏರಲಿಲ್ಲ. ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಕ್ಯಾಮೆರಾದಲ್ಲಿ ನೋಡಿದರೆ, ದಾರಿಯ ಗೋಡೆಗಳ ತರಿತರಿಗೆ ತಾಗಿ ಬೆಳಕು ಉದ್ದಕ್ಕೂ ಹೊರಗೆ ಚೆಲ್ಲುತ್ತಿತ್ತು. ಗಾಜಿನದೇನೂ ತಪ್ಪಿಲ್ಲ, ನಾವು ಕೊರೆದದ್ದು ಒರಟು. ಪಕ್ಕದಲ್ಲಿದ್ದ ತಂತ್ರಜ್ಞರು, ಅದೇ ನಿನ್ನ ಮೀಸೆ ಮಾಮ, "ಮೇಡಂ, ಮಷೀನೇ ಕೆಟ್ಟಿರ್ಬಹುದು, ಇನ್ನೊಂದ್ಸಲ ನೋಡೋಣ್ವಾ?" ಎಂದರು. ಪಾಪ, ನನ್ನ ಮುಖ ನೋಡಿ ಹೇಳಿದ ಮಾತು ಅದು. "ಮಷೀನ್ ಚೆನ್ನಾಗೇ ಇದೆ ಬಿಡಿ" ಎಂದೆ.

ಮನೆಗೆ ಬಂದು ಹೇಳಿದರೆ ನಿಮ್ಮಪ್ಪ ಈರುಳ್ಳಿ ಹೆಚ್ಚುತ್ತಲೇ, "ಮನೇಲಂತೂ ಅವಳ ಮುಂದೆ ನಿನ್ನ ಮಾತು ನಡೀತಿರ್ಲಿಲ್ಲ, ಈಗ ಲ್ಯಾಬಲ್ಲೂ ನಡೆಯಲ್ವಾ?" ಎಂದರು. ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಸೋತೆನೆಂದು ಅಳಲಿಲ್ಲ ಎಂದರೆ ಸುಳ್ಳಾದೀತು. ಹೆಮ್ಮೆಯೂ ಇತ್ತು ಕಣೇ. ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀಯ! ಒಂದು ಅಳತೆಯೂ ಅವಸರದ್ದಲ್ಲ. ಗೋಡೆ ನಯ ಮಾಡುವ ನಿನ್ನ ಉಪಾಯ ಫಲಿಸಿದರೆ, ನಾನು ಕೈಬಿಡಿಸಿದ ಗಾಜನ್ನು ಜನ ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

ಲೇಸರ್ ಮುಂದೆ ಕೂರುವಾಗ ಕಣ್ಣು ಜೋಪಾನ. ಹಿಡಿದ ಕೆಲಸವೆಲ್ಲ ನಿನಗೆ ಕೈಗೂಡಲಿ, ನೂರ್ಕಾಲ ಚೆನ್ನಾಗಿ ಬಾಳು ಕಂದಾ.

ನಿನ್ನ
ಅಮ್ಮ

ತಾ.ಕ.: "ಗಾಜೇ ಬೆಳಕನ್ನು ನುಂಗುತ್ತದೆಂದು ಹಿಂದೆ ಕೆಲವರು ಭಾವಿಸಿದ್ದರು" ಎಂದು ಬರೆದಿದ್ದೀಯ. ಯಾರೇ ಆ ಕೆಲವರು? ಹಾಗೆ ಹೇಳಿದವಳು ನಾನೊಬ್ಬಳೇ. ಬೇರೆಯವರ ತಪ್ಪುಗಳನ್ನೆಲ್ಲ ಹೆಸರು ಹಿಡಿದು ತಿದ್ದಿ, ನನ್ನದನ್ನು ಮಾತ್ರ ತೇಲಿಸಿಬಿಟ್ಟೆ. ಅಮ್ಮ ನೊಂದಾಳು ಎಂದುಕೊಂಡೆ, ಅಲ್ಲವೇ? ತಪ್ಪು ಮಾಡಿದ ನೋವು ಇಂದಲ್ಲ ನಾಳೆ ಆರುತ್ತದೆ. ನನ್ನ ತಪ್ಪನ್ನು ನಾನು ತಾಳಲಾರೆ ಎಂದು ನೀನು ಬಗೆದೆಯಲ್ಲ, ಅದು ಆರುತ್ತಿಲ್ಲ. ಅಚ್ಚಾಗುವ ಮುಂಚೆ ಆ ಸಾಲು ತಿದ್ದು. ನನ್ನ ಹೆಸರು ಬರೆ, ಮಗಳೇ. ಅದರ ಮುಂದೆಯೇ, ಇವರು ಹೇಳಿದ್ದು ತಪ್ಪು ಎಂದೂ ಬರೆ.