ಎಲ್ಲರೂ ಏನೋ ಬಿಟ್ಟ ಊರು

ಸ್ಯಾನ್ ಫ್ರಾನ್ಸಿಸ್ಕೋ
ಶುಕ್ರವಾರ, 12 ಸೆಪ್ಟೆಂಬರ್ 2025

ಪ್ರೀತಿಯ ಅಜ್ಜಿಗೆ ನಿವೇದಿತಾಳ ಶರಣು.

ನಾನು ಹೈಸ್ಕೂಲು ಮುಗಿಸಿಲ್ಲ, ಅಜ್ಜಿ. ಹದಿನೆಂಟು ತುಂಬಿದ ವಾರವೇ ಹೋಗುವುದನ್ನು ನಿಲ್ಲಿಸಿದೆ. ಮೂರು ವರ್ಷದ ಹಿಂದೆ ನಿನ್ನನ್ನು ಕರೆತರಲು ಗದಗಿಗೆ ಬಂದೆನಲ್ಲ, ಆಗಲೇ ಎರಡು ತಿಂಗಳಾಗಿತ್ತು. ನನಗೆ ಶಾಲೆಯ ರಜೆ ಇದೆ ಅಂತ ಅಪ್ಪ ನಿನಗೆ ಹೇಳಿದ್ದು ಸುಳ್ಳು. ಆಮೇಲಿನ ಸ್ಯಾನ್ ಡಿಯೇಗೊದ ಕಾಲೇಜೂ ಸುಳ್ಳು. ನಾನು ಇಷ್ಟು ದಿನವೂ ಇದೇ ಊರಿನಲ್ಲಿದ್ದೆ, ನೀನಿರುವ ವಾಲ್ನಟ್ ಕ್ರೀಕಿನ ಶಿವರಾಜ ಕಾಕಾನ ಮನೆಯಿಂದ ಒಂದು ಗಂಟೆ ರೈಲಿನ ದೂರದಲ್ಲಿ. ಹಳೆಯ ಕಟ್ಟಡಗಳ ಕಲ್ಲು ರಿಪೇರಿ ಮಾಡುವವರ ಹತ್ತಿರ ಕೆಲಸ. ಹಬ್ಬಕ್ಕೆ ಬಂದಾಗಲೆಲ್ಲ ಕಾಲೇಜಿನ ಕತೆಯನ್ನು ಅಪ್ಪ ಹೇಳುತ್ತಿದ್ದರು, ನಾನು ಸುಮ್ಮನೆ ಹೋಳಿಗೆ ತಿನ್ನುತ್ತಿದ್ದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ. ಉಳಿದರ್ಧವನ್ನು ಶಿವರಾಜ ಕಾಕಾ ತಮಗೆ ಬೇಕಾದಂತೆ ತಿದ್ದಿ ಹೇಳುತ್ತಾರೆ. ಕಾಗದವನ್ನಾದರೆ ತಿದ್ದುವವಳು ನೀನೊಬ್ಬಳೇ. ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನು ತೆಗೆದುಕೋ.

ಈಗ ಬರೆಯುತ್ತಿರುವುದಕ್ಕೆ ಕಾರಣ ಹೋದ ಭಾನುವಾರ ನೀನು ಮಾಡಿದ ಫೋನು. “ನಿವ್ವಿ, ನಾವಿಬ್ಬರೂ ಅಡ್ಡಾಡಿದ ಊರಾಗ ನಿನಗ ಯುನಿವರ್ಸಿಟಿ ಸೀಟು ಸಿಕ್ಕೈತಂತ! ಗದಗಿನ ಮಂದಿಗೆಲ್ಲಾ ಹೇಳೇನಿ” ಅಂದೆ. ಆ ಸೀಟಿನ ಕತೆಯೂ ಅಪ್ಪನದೇ. ನಾನು ಜರ್ಮನಿಯ ರೆಗೆನ್ಸ್‌ಬರ್ಗಿಗೆ ಹೋಗುತ್ತಿರುವುದು ನಿಜ. ಯುನಿವರ್ಸಿಟಿಗಲ್ಲ, ಅಲ್ಲಿನ ಕಲ್ಲುಕುಟಿಗರೊಬ್ಬರ ಬಳಿ ಕೆಲಸ ಕಲಿಯಲು. ಹಿಂದಿನ ಸುಳ್ಳುಗಳಿಗೆಲ್ಲ ಬಾಯಿ ಮುಚ್ಚಿಕೊಂಡಿದ್ದೆ. ಆ ಊರಿನ ವಿಷಯದಲ್ಲಿ ಮಾತ್ರ ನನ್ನಿಂದ ಆಗುವುದಿಲ್ಲ.

ಯಾಕೆಂದರೆ ಗದಗಿನಿಂದ ಬರುವಾಗ ನಾವಿಬ್ಬರೂ ಅಲ್ಲಿ ಕಳೆದ ಮೂರು ದಿನಗಳಷ್ಟು ನಾನು ಮತ್ತೆಂದೂ ನಕ್ಕಿಲ್ಲ. ಎರಡು ವಿಮಾನಗಳ ನಡುವೆ ನಿನಗೆ ಆಯಾಸವಾಗಬಾರದೆಂದು ಅಪ್ಪ ಅಲ್ಲಿರುವ ತಮ್ಮ ಗೆಳೆಯರ ಮಗಳು ಸಿಂಧು ಅಕ್ಕನ ಮನೆಯಲ್ಲಿ ನಮಗೆ ಇಳಿಯಲು ಏರ್ಪಾಡು ಮಾಡಿದ್ದರು. ಅವಳು ಆಫೀಸಿಗೆ ಹೋದ ಮೇಲೆ ಊರೆಲ್ಲ ನಮ್ಮದೇ. ಇಳಕಲ್ ಸೀರೆಯ ಮೇಲೆ ಸಿಂಧು ಅಕ್ಕನ ಜಾಕೆಟ್ಟು, ಕಾಲಿಗೆ ನನ್ನ ಶೂ ಹಾಕಿಕೊಂಡು ನೀನು ಮುಂದೆ, ಫೋನಿನಲ್ಲಿ ದಾರಿ ಹುಡುಕುತ್ತ ನಾನು ಹಿಂದೆ. ಡ್ಯಾನ್ಯೂಬಿನ ಮೇಲಿನ ಕಲ್ಲಿನ ಸೇತುವೆಗೆ ಹತ್ತಿರ ಹತ್ತಿರ ಒಂಬೈನೂರು ವರ್ಷ ಅಂತ ಓದಿ ಹೇಳಿದೆ. ನೀನು ಬಗ್ಗಿ ಕಲ್ಲು ಸವರಿ, “ಅಂದ್ರ ನಮ್ಮ ಲಕ್ಕುಂಡಿ ಗುಡಿ ವಾರಿಗೀದು” ಅಂದೆ, ಒಂದೇ ವಯಸ್ಸಿನ ಗೆಳತಿಯರಿಬ್ಬರ ಬಗ್ಗೆ ಹೇಳುವ ಹಾಗೆ. ಸೇತುವೆಯ ನಡುವೆ ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡುವ ಒಬ್ಬ ಪುಟ್ಟ ಕಲ್ಲಿನ ಮನುಷ್ಯ ಕೂತಿದ್ದಾನಲ್ಲ, ಅವನನ್ನು ಕಂಡು “ಪಾಪ, ಇಂವಾ ಯಾವ ಬಸ್ಸಿನ ದಾರಿ ಕಾಯಾಕತ್ತಾನ?” ಅಂದೆ. ನದಿದಂಡೆಯಲ್ಲಿ ಕೂತು ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತಿಂದೆವು. ರೊಟ್ಟಿ ಮುರಿಯುವ ಸದ್ದಿಗೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು.

ಮತ್ತೆ ಆ ‘ಬಿಟ್ಟೆ’. ಕಾಫಿಯವಳು ಕಪ್ಪು ಇಟ್ಟು “ಬಿಟ್ಟೆ” ಅಂದಳು. ನಮಗಾಗಿ ಬಾಗಿಲು ಹಿಡಿದು ನಿಂತ ಮುದುಕರು “ಬಿಟ್ಟೆ” ಅಂದರು. ದಯವಿಟ್ಟು, ತಗೊಳ್ಳಿ, ಪರವಾಗಿಲ್ಲ, ಎಲ್ಲದಕ್ಕೂ ಅವರಲ್ಲಿ ಅದೊಂದೇ ಮಾತು ಅಂತ ನಾನು ಬಿಡಿಸಿ ಹೇಳಿದರೂ ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. “ಏನ ಬಿಟ್ಟಿ ನನ್ನವ್ವಾ? ಗಂಡನ್ನ ಬಿಟ್ಟಿ?” ಅಂತ ಕಾಫಿಯವಳನ್ನೇ ವಿಚಾರಿಸಿದೆ. ಅವಳು ನಕ್ಕು “ಬಿಟ್ಟೆ, ಬಿಟ್ಟೆ” ಅಂದಳು. “ನೋಡು, ಎರಡ ಸಲ ಬಿಟ್ಟಾಳ!” ಅಂದೆ ನನಗೆ. ನಗು ತಡೆಯಲಾರದೆ ಕಾಫಿ ಮೂಗಿಗೇರಿತು.

ಮೂರನೆಯ ದಿನ ದೊಡ್ಡ ಚರ್ಚಿನ ಹಿಂದಿನ ಅಂಗಳದಲ್ಲಿ ಕೆಲಸದವರು ಸವೆದ ಕಲ್ಲುಗಳ ಬದಲಿಗೆ ಹೊಸದನ್ನು ಕೆತ್ತುತ್ತಿದ್ದರು. ನಾನು ಬೇಲಿಗೆ ಅಂಟಿಕೊಂಡು ನಿಂತದ್ದನ್ನು ಕಂಡು ಬಿಳಿಗಡ್ಡದವರೊಬ್ಬರು ಒಳಗೆ ಕರೆದು, ಉಳಿ ಚಾಚಿ, “ಬಿಟ್ಟೆ” ಅಂದರು. ಹೊಡೆದೆ. ಕಡಲೆಯಷ್ಟು ಚೂರು ಹಾರಿತು. ಕ್ಲಾಸಿನಲ್ಲಿ ಹತ್ತು ನಿಮಿಷ ಕೂರಲಾಗದೆ ಕಾಲು ಕುಣಿಸುತ್ತಿದ್ದ ನಾನು ಅಲ್ಲಿ ಅರ್ಧ ಗಂಟೆ ಅಲುಗಾಡಲಿಲ್ಲ. ಈಗ ನಾನು ಹೋಗುತ್ತಿರುವುದು ಅವರ ಬಳಿಗೇ.

ಹೊರಗೆ ಬಂದ ಮೇಲೆ ನೀನು ನಗುತ್ತ ಕೇಳಿದೆ: “ಈ ಊರಾಗ ಎಲ್ಲಾರೂ ಏನೋ ಒಂದು ಬಿಟ್ಟಾರ. ನೀ ಏನರ ಬಿಟ್ಟೀಯೇನು?”

ಚೇಷ್ಟೆಗೆ ಕೇಳಿದೆಯೋ, ನನ್ನ ಮುಖದಲ್ಲಿ ಏನಾದರೂ ಕಂಡಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು “ಇಲ್ಲಜ್ಜಿ” ಅಂದೆ. ಉಳಿದವಕ್ಕೆಲ್ಲ ಅಪ್ಪನನ್ನು ದೂರಬಹುದು. ಇದು ನನ್ನದೇ. ನಾನೇ ಬಾಯಿಬಿಟ್ಟು ಆಡಿದ ಸುಳ್ಳು ಅದೊಂದು, ಅದೂ ನಿನಗೆ.

ಗದಗಿನಲ್ಲಿ ನೀನು ಬಂಗಾರೆವ್ವ ಅಕ್ಕೋರು. ಮಕ್ಕಳು ಶಾಲೆಗೆ ಬರುವುದು ನಿಂತರೆ ಅವರ ಮನೆ ಹುಡುಕಿಕೊಂಡು ಹೋಗಿ, ಮಗು ಪಾಟಿಚೀಲ ಹಿಡಿದು ಹೊರಗೆ ಬರುವವರೆಗೆ ಹೊಸ್ತಿಲಲ್ಲಿ ಕೂರುತ್ತಿದ್ದ ಹೆಡ್‌ಮಾಸ್ತರು. ನಾವು ಅಮೆರಿಕಕ್ಕೆ ಬರುವ ಮೊದಲು ನಾನೂ ಎರಡು ಸಲ ನಿನ್ನ ಪಕ್ಕ ಕೂತಿದ್ದೇನೆ. ಒಂದು ಸಲ ಒಬ್ಬಳು ಹೊರಗೆ ಬರಲೇ ಇಲ್ಲ. ಆ ದಿನ ನೀನು ಊಟ ಮಾಡಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ನನ್ನನ್ನು ನೋಡಿ ನಿನಗೆ ಆ ಮುಖ ಬರುವುದು ನನಗೆ ಬೇಡವಾಗಿತ್ತು. ಅಷ್ಟೇ ಕಾರಣ.

ಇನ್ನೊಂದಿದೆ. ನಿನ್ನ ಮಂಚದ ಪಕ್ಕದ ಫೋಟೊದಲ್ಲಿ ನಾನು ಹಾಕಿಕೊಂಡಿರುವ ಹೈಸ್ಕೂಲು ಮುಗಿಸಿದವರ ಗೌನು ಕಾಕಾನ ಮಗ ಕುಶಲ್‌ನದು. ತೋಳು ಉದ್ದವಾಗಿದೆ, ನೋಡು. ಸರಟೋಗಾದ ನಮ್ಮ ಮನೆಯ ಹಿತ್ತಲಲ್ಲಿ ಅಮ್ಮ ತೆಗೆದದ್ದು. ತೆಗೆದ ಮೇಲೆ ಒಳಗೆ ಹೋಗಿ ಅತ್ತಳು. ಅವಳನ್ನು ಬೈಯಬೇಡ. ಎಲ್ಲರೂ ನಿನ್ನ ಬಿಪಿಗೆ ಹೆದರಿ ಮಾಡಿದ್ದು.

ಶಾಲೆ ನಿಲ್ಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಅಜ್ಜಿ. ಇದ್ದಿದ್ದರೆ ಬರೆಯುತ್ತಿದ್ದೆ. ನಿನ್ನಿಂದ ಮುಚ್ಚಿಟ್ಟದ್ದಕ್ಕೆ ಇದೆ. ಗದಗಿನವರಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ನನ್ನ ಹೊಸ ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಸಿಟ್ಟು ಬಂದರೆ ಬೈದು ಬರಿ, ಸುಮ್ಮನೆ ಮಾತ್ರ ಇರಬೇಡ.

ನಿನ್ನ ಮೊಮ್ಮಗಳು,
ನಿವ್ವಿ

ತಾ.ಕ.: ಇದನ್ನೆಲ್ಲ ಎದುರಿಗೆ ಹೇಳಬೇಕೆಂದು ಈ ವಾರ ಎರಡು ಸಲ ವಾಲ್ನಟ್ ಕ್ರೀಕಿಗೆ ಬಂದೆ. ಮೊದಲ ಸಲ ಸ್ಟೇಷನ್ನಿನಿಂದಲೇ ಹಿಂದಿರುಗಿದೆ. ಬುಧವಾರ ಕಾಕಾನ ಮನೆಯ ತಿರುವಿನವರೆಗೂ ಬಂದಿದ್ದೆ. ನೀನು ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದೆ. ನೋಡುತ್ತ ನಿಂತಿದ್ದು, ನೀನು ತಲೆ ಎತ್ತುವ ಮೊದಲೇ ಹೊರಟುಹೋದೆ. ಇವತ್ತು ಅಂಚೆಗೆ ಹಾಕಿದರೆ ಈ ಕಾಗದ ನಿನಗೆ ಸೋಮವಾರವೋ ಮಂಗಳವಾರವೋ ಸಿಗುತ್ತದೆ. ನಾನು ನಾಳೆ ಮಧ್ಯಾಹ್ನ ಹೊರಡುತ್ತೇನೆ.