ಒಂದೇ ಒಂದು ಕಪಾಳಮೋಕ್ಷ

ತಮ್ಮಾ,

ಕಾಲಿನ ಪ್ಲಾಸ್ಟರ್ ಬಿಚ್ಚುವವರೆಗೆ ಮಂಚ ಬಿಟ್ಟು ಇಳಿಯಬೇಡ.

ಯುರೋಪಿನವರ ಸಿನಿಮಾಕ್ಕೆ ಫೈಟ್ ಮಾಸ್ಟರ್ ಆಗಿ ಬಂದೆನಲ್ಲ, ಇಡೀ ಚಿತ್ರದಲ್ಲಿ ಇರುವುದು ಒಂದೇ ಹೊಡೆತ. ಹೆಂಡತಿ ಗಂಡನ ಕೆನ್ನೆಗೆ ಬಾರಿಸಬೇಕು. ಅದಕ್ಕೆ ವಾರವಿಡೀ ತಾಲೀಮು. ಪಕ್ಕದಲ್ಲಿ ಒಬ್ಬ ಡಾಕ್ಟರು, ಇನ್ಶೂರೆನ್ಸಿನವರು, ಏಟು ತಿನ್ನುವವನ ಮನಸ್ಸಿಗೆ ನೋವಾದೀತೆಂದು ಸಮಾಧಾನ ಹೇಳಲು ಒಬ್ಬಾಕೆ. ನಮ್ಮ ಶೂಟಿಂಗಿನಲ್ಲಿ ನೀನು ಎರಡನೇ ಮಹಡಿಯಿಂದ ಹಾರಿದಾಗ ಕೆಳಗಿದ್ದದ್ದು ಖಾಲಿ ರಟ್ಟಿನ ಪೆಟ್ಟಿಗೆಗಳು ಮತ್ತು ನಾನು.

ಇವತ್ತು ಶೂಟಿಂಗ್. ನಿರ್ದೇಶಕರು ಕ್ಯಾಮೆರಾವನ್ನು ಕಿಟಕಿಯ ಪರದೆಯತ್ತ ತಿರುಗಿಸಿಬಿಟ್ಟರು. "ಹೊಡೆತ ಕಾಣೋದು ಬೇಡ ಮಾಸ್ಟ್ರೇ, ಪರದೆ ಅಲ್ಲಾಡಿದ್ರೆ ಸಾಕು" ಎಂದು ದುಭಾಷಿಯ ಬಾಯಲ್ಲಿ ಹೇಳಿಸಿದರು. ಎಲ್ಲರೂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪರದೆ ಚೆನ್ನಾಗಿಯೇ ಅಲ್ಲಾಡಿತ್ತು.

ನನಗೆ ಮೈಕೈ ನೋವಿಲ್ಲ, ಕೂತು ಕೂತು ಹೊಟ್ಟೆ ಬಂದಿದೆ.

ನಮ್ಮ ನಿರ್ಮಾಪಕರು "ಅಲ್ಲಿಯವರ್ದು ಸಿನಿಮಾ ಅಂದ್ರೆ ಸಿನಿಮಾ, ನೋಡಿ ಕಲ್ತು ಬನ್ನಿ" ಎಂದು ಕಳಿಸಿದ್ದರಲ್ಲ? ಬಂದು ಎಲ್ಲವನ್ನೂ ಹೇಳುತ್ತೇನೆ. ಕಿಟಕಿಯ ಪರದೆಯನ್ನು ಥಟ್ಟನೆ ಕಲಿಯುತ್ತಾರೆ, ಡಾಕ್ಟರನ್ನು ಮರೆಯುತ್ತಾರೆ, ಬೇಕಾದರೆ ನೋಡು.

ಕಾರ್ಡಿನಲ್ಲಿ ಜಾಗವಿಲ್ಲ.

ನಿನ್ನ ಅಣ್ಣ