ಕಾಡಿಗೆ ಹೇಳಿದ ಬೆಲೆ

ವಿದ್ಯಾನಗರ, ಶಿವಮೊಗ್ಗ
೯ ಮಾರ್ಚ್ ೨೦೦೨

ವಿಜಯೇಂದ್ರ ಸರ್ ಅವರಿಗೆ ನಮಸ್ಕಾರ.

ಕಾಡಿನ ಮೌಲ್ಯದ ಸಮೀಕ್ಷೆಗೆ ನೀವು ಕೊಟ್ಟ ಫಾರಂಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕಳಿಸಿದ್ದೇನೆ. ಆ ಒಂದು, ಭದ್ರಾವತಿಯಾಚೆ ಕಾಡಂಚಿನ ಹಳ್ಳಿಯ ಪುಟ್ಟಲಕ್ಷ್ಮಿಯವರದು. ಸೀಗೆಕಾಯಿ, ಜೇನು, ಸೌದೆ, ಬೇಸಿಗೆಯಲ್ಲೂ ಬತ್ತದ ಹಳ್ಳದ ನೀರು, ಎಲ್ಲವನ್ನೂ ಅವರು ನಗುನಗುತ್ತಲೇ ಬರೆಸಿದ್ದರು. ಕಾಡೇ ಇಲ್ಲವಾದರೆ ವರ್ಷಕ್ಕೆ ಎಷ್ಟು ಪರಿಹಾರ ಬೇಕು ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಅದೊಂದು ಬೇಡ ಎಂದರು. ನಾನು ಒತ್ತಾಯಿಸಿದ ಮೇಲೆ ಹತ್ತು ಸಾವಿರ ಎಂದರು.

ನಿನ್ನೆ ಅವರು ಎರಡು ಬಸ್ಸು ಬದಲಿಸಿ ನಮ್ಮ ಮನೆಗೇ ಬಂದರು. ಕರೆದರೂ ಒಳಗೆ ಬರಲಿಲ್ಲ.

"ಅದನ್ನ ಅಳಿಸ್ಬಿಡಿ ಮೇಡಂ. ಊರಲ್ಲಿ ನನ್ನನ್ನ ಕಾಡು ಮಾರಿದೋಳು ಅಂತಾರೆ. ನಮ್ಮತ್ತೆ ಮಾತೇ ಬಿಟ್ಟಿದಾರೆ."

ಇದು ಮಾರಾಟವಲ್ಲ, ಬೆಲೆ ಗೊತ್ತಾದರೆ ಕಡಿಯುವವರು ಹಿಂಜರಿಯುತ್ತಾರೆ, ಕಾಡು ಉಳಿಯುತ್ತದೆ ಎಂದು ನೀವು ಹೇಳಿಕೊಟ್ಟಂತೆಯೇ ಹೇಳಿದೆ.

"ಬೆಲೆ ಕಟ್ಟಿದ್ಮೇಲೆ ಕೊಳ್ಳೋರು ಬರ್ದೇ ಇರ್ತಾರಾ?" ಎಂದು ಕೇಳಿದರು.

ನಾನು ಒಳಗಿಂದ ಫಾರಂ ತಂದೆ. ಅವರೆದುರೇ ಅಳಿಸಿದೆ.

ಆದರೆ ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಅದನ್ನು ಸೊನ್ನೆ ಎಂದೇ ತೆಗೆದುಕೊಳ್ಳುತ್ತದಂತೆ. ಆಗ ಪುಟ್ಟಲಕ್ಷ್ಮಿಯವರಿಗೆ ಕಾಡಿನಿಂದ ಏನೂ ಸಿಗುವುದಿಲ್ಲ ಎಂದಾಗುತ್ತದೆ. ಮತ್ತೆ ಹತ್ತು ಸಾವಿರ ಎಂದು ಬರೆದರೆ ಅವರಿಗೆ ಮೋಸ ಮಾಡಿದಂತೆ. ಏನು ಬರೆಯಬೇಕೆಂದು ದಯವಿಟ್ಟು ತಿಳಿಸಿ.

ಸಾಧ್ಯವಾದರೆ ನೀವೇ ಒಮ್ಮೆ ಬಂದು ಅವರ ಅತ್ತೆಯ ಹತ್ತಿರ ಮಾತಾಡಿ ಸರ್. ನಾನು ಹೇಳಿದರೆ ಅವರು ನಂಬುವುದಿಲ್ಲ. ನಿನ್ನೆಯಿಂದ ನನಗೂ ಅಷ್ಟು ನಂಬಿಕೆ ಉಳಿದಿಲ್ಲ.

ನಿಮ್ಮ ವಿದ್ಯಾರ್ಥಿನಿ,
ತನುಜಾ